ಬೊಂಬೆ ಬಂತು, ಮಾತು ಬರಲಿಲ್ಲ

ಟೀವಿ ಪಕ್ಕ ಒಂದು ಪುಟ್ಟ ಪೆಟ್ಟಿಗೆ. ಅದರಲ್ಲಿ ಸಿನಿಮಾ ಓಡಬೇಕು, ಬೇರೇನೂ ಇರಕೂಡದು. ಹೀಗೆ ಹಟ ಹಿಡಿದವರಿಗೆ ಬೇಗ ಅಂಟಿಕೊಳ್ಳುವ ಚಟವೆಂದರೆ ಬೇಡವೆನಿಸಿದ ತಂತ್ರಾಂಶವನ್ನೆಲ್ಲ ಕೀಳುವುದು. ಲಿನಕ್ಸಿನ ಒಂದು ಬಗೆಯಾದ ಡೆಬಿಯನ್ 13ರ ಸಣ್ಣ ಐಎಸ್ಒ ಫೈಲನ್ನು ಪೆನ್‌ಡ್ರೈವಿಗೆ ಬರೆದು ಇನ್‌ಸ್ಟಾಲ್ ಮಾಡುತ್ತಾರೆ. ಕೊನೆಯಲ್ಲಿ ಬರುವ ಪಟ್ಟಿಯಲ್ಲಿ ಡೆಸ್ಕ್‌ಟಾಪ್, ಗ್ನೋಮ್ (ಅದರದೇ ಒಂದು ರೂಪ) ಎರಡರ ಗುರುತನ್ನೂ ತೆಗೆದು, ದೂರದಿಂದ ಆಜ್ಞೆ ಕೊಡಲು ಬೇಕಾದ ಎಸ್ಎಸ್ಎಚ್ ಸರ್ವರ್ ಒಂದನ್ನು ಉಳಿಸಿಕೊಳ್ಳುತ್ತಾರೆ. ಇಲ್ಲಿಯವರೆಗೆ ಎಲ್ಲ ಸರಿ. ಆಮೇಲೆ ಸಿನಿಮಾ ಓಡಿಸುವ ತಂತ್ರಾಂಶವಾದ ಕೋಡಿ ಹಾಕುವಾಗ ಚಟ ತಲೆಗೇರಿ, ‘ಶಿಫಾರಸು ಮಾಡಿದ ಪ್ಯಾಕೇಜುಗಳು ಬೇಡ’ ಎನ್ನುವ ‘ನೋ ಇನ್‌ಸ್ಟಾಲ್ ರೆಕಮೆಂಡ್ಸ್’ ಆಯ್ಕೆಯನ್ನೂ ಜೋಡಿಸುತ್ತಾರೆ. ಮನೆಯವರ ಸಹನೆ ಕೂಡ ಆ ಶಿಫಾರಸಿನ ಪಟ್ಟಿಯಲ್ಲೇ ಇತ್ತು ಅನ್ನುವುದು ತಡವಾಗಿ ತಿಳಿಯುತ್ತದೆ.

ಮೊದಲು ಫ್ಯಾನ್ ಕೂಗುತ್ತದೆ. ಇಂಟೆಲ್ ಎನ್100 ಪ್ರೊಸೆಸರ್ ಇರುವ ಅಗ್ಗದ ಮಿನಿ ಪಿಸಿ ಕೂಡ 10 ಬಿಟ್ ಎಚ್ಇವಿಸಿ (ವಿಡಿಯೋ ಕುಗ್ಗಿಸುವ ಒಂದು ವಿಧಾನ) 4ಕೆ ಫೈಲನ್ನು ಬೆವರದೆ ಓಡಿಸಬಲ್ಲದು, ಗ್ರಾಫಿಕ್ಸ್ ಚಿಪ್‌ನಲ್ಲೇ ಡೀಕೋಡ್ ಆದರೆ. ಅದಕ್ಕೆ ಬೇಕಾದ ವಿಎ ಡ್ರೈವರ್ ಡೆಬಿಯನ್‌ನಲ್ಲಿ ಬರುವುದೇ ಶಿಫಾರಸಿನ ಮೂಲಕ. ಅದನ್ನು ಬೇಡವೆಂದ ಮೇಲೆ ಪಾಪದ ಸಿಪಿಯು ಒಂದೊಂದು ಫ್ರೇಮನ್ನೂ ಕೈಯಾರೆ ಬಿಡಿಸುತ್ತ ಕೂರುತ್ತದೆ. ‘ಇಂಟೆಲ್ ಮೀಡಿಯಾ ವಿಎ ಡ್ರೈವರ್’ ಹಾಕಿ, ‘ವಿಎಇನ್ಫೋ’ ಓಡಿಸಿ, ಪಟ್ಟಿಯಲ್ಲಿ ‘ಎಚ್ಇವಿಸಿ ಮೇನ್10’ ಕಂಡರೆ ಮಾತ್ರ ಮುಂದಕ್ಕೆ ಹೋಗಿ.

ಕೋಡಿಗೆ ಎಕ್ಸ್ ಸರ್ವರ್ (ಡೆಸ್ಕ್‌ಟಾಪಿನ ಚಿತ್ರ ಮೂಡಿಸುವ ತಂತ್ರಾಂಶ) ಬೇಕಿಲ್ಲ. ‘ವಿಂಡೋಯಿಂಗ್’ ಆಯ್ಕೆಗೆ ಜಿಬಿಎಂ ಎಂದು ಕೊಟ್ಟರೆ ನೇರ ಪರದೆಯ ಮೇಲೆ ಬರುತ್ತದೆ. ಬರುತ್ತದೇನೋ ನಿಜ, ಕೀಬೋರ್ಡ್ ಒತ್ತಿದರೆ ಮಾತ್ರ ಕಲ್ಲು. ಮೆನು ಹೊಳೆಯುತ್ತಿದೆ, ಬಾಣದ ಗುರುತು ಒತ್ತೀ ಒತ್ತೀ ಬೆರಳು ಸವೆಯುತ್ತಿದೆ. ಕಾರಣ ಬಡಪಾಯಿ: ಕೋಡಿ ಓಡಿಸುವ ಬಳಕೆದಾರ ‘ಇನ್‌ಪುಟ್’ ಗುಂಪಿನಲ್ಲಿಲ್ಲ. ಡೆಸ್ಕ್‌ಟಾಪ್ ಇದ್ದಿದ್ದರೆ ಈ ಅನುಮತಿಯನ್ನೆಲ್ಲ ಅದೇ ನೋಡಿಕೊಳ್ಳುತ್ತಿತ್ತು. ವಿಡಿಯೋ, ರೆಂಡರ್, ಆಡಿಯೋ, ಇನ್‌ಪುಟ್ ನಾಲ್ಕೂ ಗುಂಪಿಗೆ ಸೇರಿಸಿ ರೀಬೂಟ್ ಮಾಡಿದರೆ ಜೀವ ಬರುತ್ತದೆ.

ಆಗ ಸೋಫಾ ಕಡೆಯಿಂದ ಅಜ್ಜಿಯ ದನಿ: “ಬೊಂಬೆ ಬರ್ತದೆ ಕಣೋ ಮಗಾ, ಮಾತೇ ಇಲ್ವಲ್ಲ!”

ಈ ಮೂಕಿ ಚಿತ್ರಕ್ಕೆ ಸಾಮಾನ್ಯವಾಗಿ ಎರಡು ಬೀಗ. ಮೊದಲನೆಯದು, ಆಲ್ಸಾ (ಲಿನಕ್ಸಿನ ಸದ್ದಿನ ವ್ಯವಸ್ಥೆ) ತಾನಾಗಿ ಆರಿಸುವ ಸಾಧನ ಹೆಚ್ಚಾಗಿ ಹೆಡ್‌ಫೋನ್ ತೂತು. ಎಚ್‌ಡಿಎಂಐ ಬೇರೆ ನಂಬರಿನಲ್ಲಿ ಕೂತಿರುತ್ತದೆ. ‘ಆಲ್ಸಾ ಯುಟಿಲ್ಸ್’ ಹಾಕಿ (ಹೌದು, ಅದೂ ಬಂದಿರುವುದಿಲ್ಲ) ‘ಎಪ್ಲೇ’ ಪಟ್ಟಿ ತೆಗೆದರೆ ಕಾರ್ಡ್ 0, ಡಿವೈಸ್ 3 ಅಥವಾ 7 ಅಂತ ಕಾಣುತ್ತದೆ. ಅದರ ಮೇಲೆ ‘ಸ್ಪೀಕರ್ ಟೆಸ್ಟ್’ ಓಡಿಸಿ. ಟೀವಿಯಿಂದ ಸೊರ್ರೆಂದು ಮಳೆ ಸದ್ದು ಬಂದರೆ ಕೋಡಿಯ ಸೆಟ್ಟಿಂಗ್‌ನಲ್ಲಿ ಅದನ್ನೇ ಆರಿಸಿ. ಮಳೆ ಬರದಿದ್ದರೆ ಎರಡನೇ ಬೀಗ: ಆಲ್ಸಾಮಿಕ್ಸರ್ ತೆರೆದು ಎಫ್6 ಒತ್ತಿ ಕಾರ್ಡ್ ಆರಿಸಿ. ಎಸ್/ಪಿಡಿಐಎಫ್ (ಐಇಸಿ958) ಹೆಸರಿನ ಕಂಬದ ಕೆಳಗೆ ‘ಎಂಎಂ’ ಎಂದಿದ್ದರೆ ಬಾಯಿಗೆ ಬಟ್ಟೆ ಕಟ್ಟಿದೆ ಎಂದರ್ಥ. ‘ಎಂ’ ಒತ್ತಿದರೆ ‘ಒಒ’ ಆಗುತ್ತದೆ. ಕೊನೆಗೆ ಇದನ್ನು ಉಳಿಸುವ ‘ಆಲ್ಸಾಸಿಟಿಎಲ್ ಸ್ಟೋರ್’ ಆಜ್ಞೆ ಕೊಡಲು ಮರೆಯಬೇಡಿ.

ನಿಜವಾದ ರಂಪ ನೆಂಟರ ಮುಂದೆ. ಸಿನಿಮಾ ತುಂಬಿದ ಯುಎಸ್‌ಬಿ ಹಾರ್ಡ್ ಡಿಸ್ಕ್ ತಾನಾಗಿ ಮೌಂಟ್ ಆಗಲು (ಜೋಡಣೆಯಾಗಲು) ‘ಯುಡಿಸ್ಕ್ಸ್2’ ಬೇಕು. ಅದನ್ನೂ ಕಿತ್ತವರು ಡಿಸ್ಕಿನ ಗುರುತಿನ ಸಂಖ್ಯೆಯಾದ ಯುಯುಐಡಿಯನ್ನು, ಬೂಟ್ ಆಗುವಾಗ ಜೋಡಿಸಬೇಕಾದ ಡಿಸ್ಕುಗಳ ಪಟ್ಟಿಯಿರುವ ಎಫ್‌ಸ್ಟ್ಯಾಬ್ ಫೈಲಿನಲ್ಲಿ ಬರೆದು ಬೀಗುತ್ತಾರೆ. ಒಂದು ಭಾನುವಾರ ಮನೆಯ ಪುಟ್ಟಿ ಮೊಬೈಲ್ ಚಾರ್ಜ್ ಮಾಡಲು ಆ ಕೇಬಲ್ ಎಳೆದು ತನ್ನದನ್ನು ಚುಚ್ಚುತ್ತಾಳೆ. ಸಂಜೆ ಪೆಟ್ಟಿಗೆ ಆನ್ ಮಾಡಿದರೆ ಕಪ್ಪು ಪರದೆ, ಡಿಸ್ಕಿಗಾಗಿ ಒಂದೂವರೆ ನಿಮಿಷದ ಕಾಯುವಿಕೆ, ಆಮೇಲೆ ಬಿಳಿ ಅಕ್ಷರದಲ್ಲಿ ‘ಎಮರ್ಜೆನ್ಸಿ ಮೋಡ್’, ಕೆಳಗೆ ರೂಟ್ ಪಾಸ್‌ವರ್ಡ್ ಕೊಡಿ ಎಂಬ ಬೇಡಿಕೆ. “ಎಮರ್ಜೆನ್ಸಿ ಅಂತೆ, ಯಾರಿಗಾದ್ರೂ ಫೋನ್ ಮಾಡೋಣ್ವಾ ಭಾವ?” ಎಂದು ನೆಂಟರು ಗಾಬರಿಯಾಗುತ್ತಾರೆ. ಲಿನಕ್ಸನ್ನು ಎಬ್ಬಿಸುವ ಸಿಸ್ಟಂಡಿಯ ದೃಷ್ಟಿಯಲ್ಲಿ ಎಫ್‌ಸ್ಟ್ಯಾಬ್‌ನಲ್ಲಿ ಬರೆದದ್ದು ಇರಲೇಬೇಕು, ಇಲ್ಲವಾದರೆ ಬೂಟ್ ಆಗುವುದೇ ಅಪಾಯ. ಆ ಸಾಲಿಗೆ ‘ನೋಫೇಲ್’ ಎಂಬ ಒಂದು ಪದ, ಜೊತೆಗೆ ಡಿವೈಸ್ ಟೈಮ್‌ಔಟ್ 5 ಸೆಕೆಂಡ್ ಎಂದು ಸೇರಿಸಿದ್ದರೆ ಡಿಸ್ಕ್ ಇಲ್ಲದೆಯೂ ಕೋಡಿ ಏಳುತ್ತಿತ್ತು.

ರಿಮೋಟಿನದು ಬೇರೆಯೇ ಪುರಾಣ. ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರಿಗಾದರೆ ಎಚ್‌ಡಿಎಂಐ ತಂತಿಯಲ್ಲೇ ಸಿಇಸಿ (ರಿಮೋಟಿನ ಸಂಕೇತ ಸಾಗಿಸುವ ಸವಲತ್ತು) ಬರುವುದರಿಂದ ಟೀವಿ ರಿಮೋಟೇ ಸಾಕು. ಮಿನಿ ಪಿಸಿಗಳಲ್ಲಿ ಆ ಭಾಗ್ಯ ಅಪರೂಪ. ಹಾಗಾಗಿ 2.4 ಗಿಗಾಹರ್ಟ್ಸ್ ಡಾಂಗಲ್ ಇರುವ ಏರ್ ಮೌಸ್ (ಗಾಳಿಯಲ್ಲಿ ಆಡಿಸುವ ರಿಮೋಟ್) ಕೊಳ್ಳುತ್ತೀರಿ. ಅದರ ಮೇಲೆ ದೊಡ್ಡ ಕೆಂಪು ಗುಂಡಿ. ಟೀವಿ ಆಫ್ ಮಾಡಲು ಅಪ್ಪ ಅದನ್ನು ಒತ್ತುತ್ತಾರೆ. ಟೀವಿ ಬೆಳಗುತ್ತಲೇ ಇರುತ್ತದೆ, ಲಿನಕ್ಸ್ ಆಫ್ ಆಗುತ್ತದೆ. ‘ಲಾಗಿನ್‌ಡಿ’ ಕಾನ್ಫಿಗ್ ಫೈಲಿನಲ್ಲಿ ‘ಹ್ಯಾಂಡಲ್ ಪವರ್ ಕೀ’ಗೆ ‘ಇಗ್ನೋರ್’ ಎಂದು ಬರೆದು ರೀಬೂಟ್ ಮಾಡಿ. ಇನ್ನು, ಡಾಂಗಲನ್ನು ಯುಎಸ್‌ಬಿ 3 ಹಾರ್ಡ್ ಡಿಸ್ಕಿನ ಪಕ್ಕದ ತೂತಿಗೆ ಹಾಕಬೇಡಿ. ಯುಎಸ್‌ಬಿ 3ರ ಗದ್ದಲ 2.4 ಗಿಗಾಹರ್ಟ್ಸ್ ಮೇಲೆ ಬೀಳುತ್ತದೆಂದು ಇಂಟೆಲ್ 2012ರಲ್ಲೇ ಬರೆದಿಟ್ಟಿದೆ. ಮೂರಡಿ ಎಕ್ಸ್‌ಟೆನ್ಶನ್ ಕೇಬಲ್ ಹಾಕಿ ಡಾಂಗಲನ್ನು ದೂರ ತಂದರೆ ಸಾಕು, ಹೊಸ ಸೆಲ್ ಹಾಕೀ ಹಾಕೀ ಸುಸ್ತಾಗುವುದು ತಪ್ಪುತ್ತದೆ.

ಕನ್ನಡ ಸಬ್‌ಟೈಟಲ್ ಜಾಗದಲ್ಲಿ ಸಾಲುಸಾಲು ಚೌಕಗಳು ಬಂದರೆ ಫಾಂಟ್ ಇಲ್ಲ ಎಂದರ್ಥ. ಡೆಬಿಯನ್‌ನಲ್ಲಿ ನಮ್ಮವೇ ಗುಬ್ಬಿ, ನವಿಲು ಎಂಬ ಫಾಂಟುಗಳಿವೆ. ಗುಬ್ಬಿಯ ಪ್ಯಾಕೇಜ್ ಹಾಕಿ, ಅದರ ಟಿಟಿಎಫ್ ಫೈಲನ್ನು ಕೋಡಿಯ ‘ಮೀಡಿಯಾ’ ಫೋಲ್ಡರಿನೊಳಗಿನ ‘ಫಾಂಟ್ಸ್’ಗೆ ನಕಲು ಮಾಡಿ, ಸಬ್‌ಟೈಟಲ್ ಸೆಟ್ಟಿಂಗ್‌ನಲ್ಲಿ ಆರಿಸಿ. ಎಸ್ಆರ್‌ಟಿ (ಸಬ್‌ಟೈಟಲ್) ಫೈಲ್ ಯುಟಿಎಫ್-8 ಅಕ್ಷರ ಸಂಕೇತದಲ್ಲಿರಲಿ.

‘ರಿಫ್ರೆಶ್ ರೇಟ್ ಹೊಂದಿಸು’ ಎಂಬ ಆಯ್ಕೆ ಒಳ್ಳೆಯದೇ. ಸೆಕೆಂಡಿಗೆ 24 ಫ್ರೇಮಿನ ಸಿನಿಮಾ 60 ಹರ್ಟ್ಸ್ ಪರದೆಯಲ್ಲಿ ಕುಂಟುವುದು ನಿಲ್ಲುತ್ತದೆ. ಆದರೆ ಪ್ರತಿ ಸಲ ಶುರುವಿನಲ್ಲಿ ಪರದೆ ಎರಡು ಕ್ಷಣ ಕಪ್ಪಾಗುತ್ತದೆ, ಅಷ್ಟರಲ್ಲಿ ಯಾರಾದರೂ ಕರೆಂಟ್ ಹೋಯಿತೆಂದು ಮೀಟರ್ ಬೋರ್ಡಿನ ಕಡೆ ಓಡಿರುತ್ತಾರೆ. ಕರೆಂಟ್ ನಿಜಕ್ಕೂ ಹೋಗಿ ಬಂದಾಗ ಪೆಟ್ಟಿಗೆ ತಾನೇ ಏಳಬೇಕಾದರೆ ಬಯಾಸ್‌ನಲ್ಲಿ ‘ಎಸಿ ಪವರ್ ಲಾಸ್’ ಮುಂದೆ ‘ಪವರ್ ಆನ್’ ಇಡಿ.

ಇಷ್ಟೆಲ್ಲ ಆದ ಮೇಲೆ ಅಮ್ಮ ಕೇಳುವುದು ಒಟಿಟಿಯ ಧಾರಾವಾಹಿ. ವೈಡ್‌ವೈನ್‌ನ (ಒಟಿಟಿಗಳು ಬಳಸುವ ನಕಲು ತಡೆ) ಎಲ್1 ದರ್ಜೆಯ ರಕ್ಷಣೆ ಇಂಥ ಲಿನಕ್ಸ್ ಪಿಸಿಯಲ್ಲಿ ಸಿಗುವುದಿಲ್ಲ. ಅದಕ್ಕಿಂತ ಕೆಳಗಿನ ಎಲ್3ರಲ್ಲಿ ನೋಡಿದರೆ ಹೆಚ್ಚಿನ ಕಡೆ ಚಿತ್ರ ಮಸುಕು. ಅದಕ್ಕೆ ಟೀವಿಯ ಎರಡನೇ ಎಚ್‌ಡಿಎಂಐನಲ್ಲಿ ಒಂದು ಆಂಡ್ರಾಯ್ಡ್ ಸ್ಟಿಕ್ ಚುಚ್ಚಿ, ಯಾವ ರಿಮೋಟ್ ಯಾವುದರದು ಎಂದು ಬಿಳಿ ಪಟ್ಟಿ ಅಂಟಿಸಿ, ಕನ್ನಡದಲ್ಲೇ ಬರೆಯಿರಿ.