ಮಷಿನ್ ಒಳಗೆ ತೌಡು, ಬ್ಯಾಂಕಲ್ಲಿ ಕಾಗದ

ದಾವಣಗೆರೆಯ ಒಂದು ರೈಸ್‌ಮಿಲ್ಲಿನಲ್ಲಿ ಲೆಕ್ಕ ಬರೆಯೋನು ನಾನು. ಎರಡು ವರ್ಷದ ಹಿಂದೆ ನಮ್ಮ ಸಾವ್ಕಾರ್ರು ಹೊರದೇಶದಿಂದ ಕಲರ್ ಸಾರ್ಟರ್ ತರಿಸಿದ್ರು. ಅಕ್ಕಿಯೊಳಗಿನ ಕಪ್ಪು ಕಾಳನ್ನ ಕ್ಯಾಮೆರಾದಲ್ಲಿ ಹಿಡಿದು ಗಾಳಿ ಊದಿ ಹೊರಗೆ ಹಾಕುತ್ತಲ್ಲ, ಅದು. ಬ್ಯಾಂಕಲ್ಲಿ ಎಲ್‌ಸಿ ತೆಗೆಸಿ ತರಿಸಿದ್ದು. ಎಲ್‌ಸಿ ಅಂದ್ರೆ, ಕೇಳಿದ ಕಾಗದಪತ್ರ ಸರಿಯಾಗಿ ತಂದುಕೊಟ್ಟರೆ ಮಾರಿದವನಿಗೆ ದುಡ್ಡು ಕೊಡ್ತೀವಿ ಅಂತ ನಮ್ಮ ಪರವಾಗಿ ಬ್ಯಾಂಕು ಬರೆದುಕೊಡೋ ಖಾತ್ರಿ. ಇನ್ವಾಯ್ಸಿನಲ್ಲಿ 'ಹೊಸ ಯಂತ್ರ' ಅಂತಿತ್ತು. ಪೆಟ್ಟಿಗೆ ಬಿಚ್ಚಿದ ಫಿಟ್ಟರ್ ಹುಡುಗ ಒಳಗೆ ಕೈ ಹಾಕಿ ಒಂದು ಹಿಡಿ ತೌಡು ಕೆರೆದು ತೆಗೆದ. ಯಾವ ದೇಶದ ತೌಡೋ, ಗಟ್ಟಿಯಾಗಿ ಅಂಟಿಕೊಂಡಿತ್ತು.

ಬ್ಯಾಂಕಿಗೆ ಓಡಿದ್ವಿ. ದುಡ್ಡು ಆಗಲೇ ಹೋಗಿತ್ತು. "ಕಾಗದ ಎಲ್ಲಾ ಸರಿ ಇದ್ವಲ್ಲ ಸಾವ್ಕಾರ್ರೆ, ನಾವು ನೋಡೋದು ಅಷ್ಟೇ" ಅಂದ್ರು ಮ್ಯಾನೇಜರ್. ಸಾವ್ಕಾರ್ರು ಎಪಿಎಂಸಿಯಲ್ಲಿ ಬೆಳೆದ ಮನುಷ್ಯ. ಮೆಕ್ಕೆಜೋಳದ ಚೀಲಕ್ಕೆ ಕೊಳವೆ ಚುಚ್ಚಿ, ಕಾಳು ಹಲ್ಲಿಗೆ ಹಾಕಿ ಕಟಕ್ ಅನ್ನಿಸದೆ ರೇಟು ಹೇಳಿದವರಲ್ಲ. "ಮಾಲು ನೋಡದೆ ಹೆಂಗ್ರೀ ದುಡ್ಡು ಕೊಟ್ರಿ?" ಅನ್ನೋದೊಂದೇ ಅವರ ಪ್ರಶ್ನೆ.

ಆ ರಾತ್ರಿ ಕೂತು ಎಲ್‌ಸಿ ನಿಯಮ ಓದಿದೆ. ಪ್ಯಾರಿಸ್‌ನ ಅಂತರರಾಷ್ಟ್ರೀಯ ವಾಣಿಜ್ಯ ಮಂಡಳಿ ಮಾಡಿದ ಯುಸಿಪಿ 600. 2007ರ ಜುಲೈಯಿಂದ ಜಾರಿಯಲ್ಲಿದೆ, 39 ವಿಧಿಗಳು. 5ನೇ ವಿಧಿ ಪ್ರಕಾರ ಬ್ಯಾಂಕಿನ ವ್ಯವಹಾರ ಕಾಗದದ ಜೊತೆ, ಸರಕಿನ ಜೊತೆಯಲ್ಲ. 34ನೇ ವಿಧಿ ಇನ್ನೂ ಒಂದು ಹೆಜ್ಜೆ ಮುಂದೆ: ಕಾಗದವೇ ನಕಲಿಯಾದರೂ ಬ್ಯಾಂಕ್ ಹೊಣೆಯಲ್ಲ.

ಬೈಬೇಡಿ, ಇದು ನನಗೆ ನ್ಯಾಯವೇ ಅನ್ನಿಸುತ್ತೆ. ಕಾಗದ ಪರಿಶೀಲಿಸೋಕೆ ಬ್ಯಾಂಕಿಗೆ ಹೆಚ್ಚೆಂದರೆ ಐದು ಕೆಲಸದ ದಿನ. ಅಷ್ಟರಲ್ಲಿ ಆ ಗುಮಾಸ್ತ ಬಂದರಿಗೆ ಹೋಗಿ ಪೆಟ್ಟಿಗೆ ಬಿಚ್ಚಿ ನೋಡ್ತಾನಾ? ಕಣ್ಣಾರೆ ಕಾಣದ ಊರಿನವನು ನಮ್ಮನ್ನ ನಂಬಿ ಮಾಲು ಹಡಗಿಗೆ ಹಾಕೋದೇ ಈ ಖಾತ್ರಿ ಮೇಲೆ.

ನನಗೆ ಸಿಟ್ಟು ಬಂದದ್ದು 37ನೇ ವಿಧಿ ಮೇಲೆ. ನಮ್ಮ ಕೆಲಸಕ್ಕೆ ಅಂತ ನಮ್ಮ ಬ್ಯಾಂಕು ಹೊರದೇಶದ ಇನ್ನೊಂದು ಬ್ಯಾಂಕನ್ನ ಹಿಡಿಯುತ್ತೆ. ಆ ಬ್ಯಾಂಕು ಹೇಳಿದಂತೆ ನಡೆಯದಿದ್ದರೆ ನಷ್ಟದ ಭಾರ ಎಲ್‌ಸಿ ತೆಗೆಸಿದವನ ತಲೆಗೆ. ಆ ಬ್ಯಾಂಕನ್ನ ಆರಿಸಿದ್ದು ನಮ್ಮ ಬ್ಯಾಂಕೇ ಆದರೂ! ಹೆಣ್ಣು ನೋಡಿ ಒಪ್ಪಿದ್ದು ನೀವು, ಸಂಸಾರ ಕೆಟ್ಟರೆ ಹೊಣೆ ನಾನಾ? ಹೆಸರು ಕೂಡ ಕೇಳಿಲ್ಲದ ಬ್ಯಾಂಕದು.

ಮೋಸಕ್ಕೆ ಮದ್ದೇ ಇಲ್ಲ ಅಂತಲ್ಲ. 1941ರಲ್ಲಿ ನ್ಯೂಯಾರ್ಕ್ ಕೋರ್ಟಿಗೆ ಹೋದ ಪ್ರಕರಣದಲ್ಲಿ ಮಾರಿದವನು ನಮ್ಮ ದೇಶದವನೇ. ಬಿರುಗೂದಲು ಕಳಿಸಬೇಕಾದ ಪೆಟ್ಟಿಗೆಗಳಲ್ಲಿ ಹಸುವಿನ ಕೂದಲು, ಕಸ ತುಂಬಿದ್ದ ಅನ್ನೋದು ದೂರು. ಪಾವತಿಗೆ ಮುಂಚೆಯೇ ಇಂಥ ಮೋಸ ಬ್ಯಾಂಕಿಗೆ ಗೊತ್ತಾದರೆ ದುಡ್ಡು ತಡೆಯಬಹುದು ಅಂತ ಕೋರ್ಟು ಹೇಳಿತು. ನಮ್ಮ ಸುಪ್ರೀಂ ಕೋರ್ಟೂ ಈ ಮಾತು ಒಪ್ಪಿದೆ. ಆದರೆ ನಮಗೆ ತೌಡು ಸಿಕ್ಕಿದ್ದು ದುಡ್ಡು ಹೋದ ಮೇಲೆ.

ಬೇಕಿದ್ದದ್ದು ಒಂದೇ ಸಾಲು. ಹಡಗು ಹತ್ತೋ ಮುಂಚೆ ಮೂರನೆಯವರು ಯಂತ್ರ ನೋಡಿ ಕೊಟ್ಟ ತಪಾಸಣಾ ಪ್ರಮಾಣಪತ್ರವೂ ಬೇಕು ಅಂತ ಎಲ್‌ಸಿಯಲ್ಲಿ ಬರೆಸಿದ್ದರೆ, ಅದಿಲ್ಲದೆ ಬ್ಯಾಂಕ್ ದುಡ್ಡು ಬಿಡುವ ಹಾಗಿರಲಿಲ್ಲ. ಅರ್ಜಿ ತುಂಬಿದ್ದು ನಾನೇ. ಹಿಂದಿನ ಪುಟದ ಇರುವೆ ಸಾಲಿನಂಥ ಇಂಗ್ಲಿಷ್ ಓದದೆ ಸಾವ್ಕಾರ್ರ ಹತ್ತಿರ ಸಹಿ ಹಾಕಿಸಿದ್ದೂ ನಾನೇ.

ಹೋದ ತಿಂಗಳು ಇನ್ನೊಂದು ಎಲ್‌ಸಿ. ಈ ಸಲ ತಪಾಸಣೆ ಸಾಲು ಸೇರಿಸಿದೆ, ಸೇರಿತು. 37ನೇ ವಿಧಿ ನಮಗೆ ಬೇಡ ಅಂತ ಬರೆದುಕೊಂಡು ಹೋಗಿದ್ದೆ. ಮ್ಯಾನೇಜರ್ ಓದಿ, ನಕ್ಕು, ಟೀ ತರಿಸಿದ್ರು. "ಫಾರ್ಮು ಹೆಡ್ ಆಫೀಸಿಂದ ಬರುತ್ತೆ ಕಣ್ರೀ, ಅದರಲ್ಲಿ ಒಂದು ಕಾಮಾ ಕೀಳೋಕೂ ನನಗೆ ಅಧಿಕಾರ ಇಲ್ಲ."

ಟೀ ಕುಡಿದು ಬಂದೆ.