ಕಚರಾ

ಒಂದೇ ತಿಂಗಳಲ್ಲಿ ಮೂರನೆಯ ಬಾರಿಗೆ ನಮ್ಮ ಪಿಕಪ್ಪಿನ ಕಾರ್ಬೊರೇಟರ್ (ಪೆಟ್ರೋಲಿಗೆ ಗಾಳಿ ಬೆರೆಸಿ ಎಂಜಿನ್ನಿಗೆ ಕೊಡುವ ಭಾಗ) ಬಿಚ್ಚಿಸಿ, ಮೂರನೆಯ ಬಾರಿಗೆ ದುಡ್ಡು ಎಣಿಸಿ ಈಗಷ್ಟೇ ಮನೆಗೆ ಬಂದಿದ್ದೇನೆ. ಕೈಯ ಪೆಟ್ರೋಲ್ ವಾಸನೆ ಎರಡು ಸಲ ಸೋಪು ಹಾಕಿದರೂ ಹೋಗಿಲ್ಲ; ಸಿಟ್ಟೂ ಹೋಗಿಲ್ಲ. ಆದರೆ ಆ ಸಿಟ್ಟನ್ನು ಯಾರ ಮೇಲೆ ತೀರಿಸಿಕೊಳ್ಳಬೇಕೆಂಬ ವಿಷಯದಲ್ಲಿ ಸ್ವಲ್ಪ ತೊಡಕಿದೆ.

ಪಿಕಪ್ ಎಂದರೆ, ಅಪ್ಪಯ್ಯ ಕೊಂಡಿದ್ದ ಪೆಟ್ರೋಲ್ ಜೀಪಿನ ಹಿಂದಿನ ಸೀಟು ಕಿತ್ತು, ಅಡಿಕೆ ಮೂಟೆ ಹೇರಲು ಅನುಕೂಲವಾಗುವಂತೆ ಹಲಗೆ ಕೂರಿಸಿದ ಗಾಡಿ. ಈ ಮಳೆಗಾಲದ ಆರಂಭದಲ್ಲಿ ಅದಕ್ಕೊಂದು ವಿಚಿತ್ರ ರೋಗ ಶುರುವಾಯಿತು. ಮನೆಯಿಂದ ಸಲೀಸಾಗಿ ಹೊರಡುತ್ತಿತ್ತು. ತೀರ್ಥಹಳ್ಳಿಯ ದಾರಿಯಲ್ಲಿ 6 ಕಿಲೋಮೀಟರು ಕಳೆದು, ಚಹಾದಂಗಡಿಯ ತಿರುವಿಗೆ ಬರುವಷ್ಟರಲ್ಲಿ ಎರಡು ಸಲ ಕೆಮ್ಮಿ ನಿಲ್ಲುತ್ತಿತ್ತು. ಇಪ್ಪತ್ತು ನಿಮಿಷ ಕಾದರೆ ಏನೂ ಆಗದಂತೆ ಮತ್ತೆ ಹೊರಡುತ್ತಿತ್ತು. ಮಳೆ ಬಿಡುವು ಕೊಟ್ಟ ದಿನ, ಮರ ಹತ್ತಿ ಔಷಧಿ ಹೊಡೆಯುವ ಕೊನೆಗಾರ ಅಪರೂಪಕ್ಕೆ ಒಪ್ಪಿಕೊಂಡ ದಿನ, ಪೇಟೆಯಿಂದ ಮೈಲುತುತ್ತ, ಸುಣ್ಣ ತರಬೇಕಾದ ಗಾಡಿ ಹೀಗೆ ವಿಶ್ರಾಂತಿಗೆ ಕುಳಿತರೆ ಏನಾಗುತ್ತದೆಂಬುದು ತೋಟ ಇರುವವರಿಗೆಲ್ಲ ಗೊತ್ತು.

ಗ್ಯಾರೇಜಿನ ಮೇಸ್ತ್ರಿಯ ಪ್ರಕಾರ ಜಗತ್ತಿನಲ್ಲಿ ಇರುವುದು ಒಂದೇ ಕಾಯಿಲೆ, ಅದರ ಹೆಸರು ಕಚರಾ, ಅಂದರೆ ಕಸ. ಗಾಡಿ ನಿಂತರೂ ಕಚರಾ, ಹೊಗೆ ಉಗುಳಿದರೂ ಕಚರಾ, ಏರು ಹತ್ತದಿದ್ದರೂ ಕಚರಾ. ಅದನ್ನು ತೆಗೆಯುವ ವಿಧಿಯಂತೂ ಸತ್ಯನಾರಾಯಣ ಕಥೆಯಷ್ಟೇ ದೀರ್ಘವಾದದ್ದು. ಮೊದಲು ಬಾನೆಟ್ಟಿನ ಒಳಗೆ ತಲೆ ಹಾಕಿ ಕಣ್ಣು ಮುಚ್ಚಿ ಎಂಜಿನ್ನಿನ ಸದ್ದು ಕೇಳುತ್ತಾರೆ. ಆಗ ಸುತ್ತಲಿನವರು ಮಾತಾಡಬಾರದು. ಆಮೇಲೆ ಕಾರ್ಬೊರೇಟರ್ ಬಿಚ್ಚಿ, ಫ್ಲೋಟು, ನೀಡಲ್ಲು, ಗ್ಯಾಸ್ಕೆಟ್ಟುಗಳನ್ನು ಹಳೆಯ ಪತ್ರಿಕೆಯ ಮೇಲೆ ನೈವೇದ್ಯದಂತೆ ಜೋಡಿಸುತ್ತಾರೆ. ಕೊನೆಗೆ ಪೆಟ್ರೋಲ್ ಹಾಯುವ ಹಿತ್ತಾಳೆಯ ಆ ಪುಟ್ಟ ಜೆಟ್ಟನ್ನು ಎರಡು ಬೆರಳಲ್ಲಿ ಹಿಡಿದು, ಒಂದು ಕಣ್ಣು ಮುಚ್ಚಿ, ಇನ್ನೊಂದರಿಂದ ಅದರ ತೂತಿನೊಳಗೆ ಆಕಾಶವನ್ನು ನೋಡುತ್ತಾರೆ. ಆಷಾಢದ ತೀರ್ಥಹಳ್ಳಿಯಲ್ಲಿ ಆಕಾಶವೇ ಕಪ್ಪಾಗಿರುವುದರಿಂದ ತೂತಿನಲ್ಲಿ ಕತ್ತಲಲ್ಲದೆ ಬೇರೇನೂ ಕಾಣುವುದಿಲ್ಲ. “ನೋಡಿ, ಕಚರಾ” ಎನ್ನುತ್ತಾರೆ. ಜೆಟ್ಟಿಗೆ ಬಾಯಿಟ್ಟು ಊದಿ, ಪಕ್ಕಕ್ಕೆ ಉಗಿದು, ಮೀಸೆ ಒರೆಸಿಕೊಂಡು ಹುಡುಗನನ್ನು ಚಹಾಕ್ಕೆ ಕಳಿಸುತ್ತಾರೆ. ಆ ಚಹಾದ ದುಡ್ಡೂ ನನ್ನದೇ. ಅಷ್ಟು ಸಲ ನೋಡಿದ್ದೇನೆ, ಕಚರಾವನ್ನು ಮಾತ್ರ ಒಮ್ಮೆಯೂ ಕಣ್ಣಾರೆ ಕಂಡಿಲ್ಲ.

ಎರಡನೆಯ ಬಾರಿ ಅವರು ಪೆಟ್ರೋಲನ್ನು ದೂರಿದರು. ಈಗ ಬಂಕಿನಲ್ಲಿ ಸಿಗುವುದರಲ್ಲಿ ಶೇಕಡಾ 20ರಷ್ಟು ಎಥನಾಲ್ ಇರುತ್ತದೆ, ಅದು ನೀರನ್ನು ಎಳೆದುಕೊಳ್ಳುತ್ತದೆ, ಹಳೆಯ ಗಾಡಿಯ ರಬ್ಬರನ್ನೂ ಹಾಳು ಮಾಡುತ್ತದೆ ಎಂದರು. ಇದು ನಿಜವೇ. ನಿಜವೆಂದು ಮೊದಲೇ ಗೊತ್ತಿದ್ದುದರಿಂದಲೇ ನಾನು ಒಂದು ಮುನ್ನೆಚ್ಚರಿಕೆ ವಹಿಸಿದ್ದೆ. ಅದನ್ನು ಅವರಿಗೆ ಹೇಳುವ ಅಗತ್ಯ ಕಾಣಲಿಲ್ಲ.

ಮೂರನೆಯ ಬಾರಿ, ಅಂದರೆ ಇವತ್ತು, ಹಟ ಹಿಡಿದು ಮೇಸ್ತ್ರಿಯನ್ನೇ ಪಕ್ಕದಲ್ಲಿ ಕೂರಿಸಿಕೊಂಡು ಆ ತಿರುವಿನ ಕಡೆಗೆ ಹೋದೆ. ಗಾಡಿ ಮರ್ಯಾದೆಯಿಂದ ಅಲ್ಲಿಯೇ ನಿಂತಿತು. ಅವರು ಮಳೆಯಲ್ಲಿಯೇ ಕಾರ್ಬೊರೇಟರಿನ ಮುಚ್ಚಳ ತೆಗೆದು ನೋಡಿದರೆ, ಪೆಟ್ರೋಲ್ ತುಂಬಿರಬೇಕಾದ ಫ್ಲೋಟಿನ ಬಟ್ಟಲು ಒಣಗಿ ಕುಳಿತಿತ್ತು. ಮೊದಲ ಬಾರಿಗೆ ಅವರ ಬಾಯಿಂದ ಕಚರಾ ಎಂಬ ಶಬ್ದ ಹೊರಡಲಿಲ್ಲ. ಇಷ್ಟು ದಿನ ಬಾನೆಟ್ಟಿನ ಆಚೆಗೆ ಕಾಲಿಡದಿದ್ದ ಮನುಷ್ಯ ಗಾಡಿಯನ್ನು ಒಂದು ಸುತ್ತು ಹಾಕಿ ಟ್ಯಾಂಕಿನ ಬಳಿ ನಿಂತರು.

“ಇದೆಂಥದು ಮಾರಾಯ್ರೇ?”

ಅದು ಕೊಟ್ಟೆ. ಮಳೆಗೆ ಕೊಳೆರೋಗ ಬಾರದಂತೆ ಅಡಿಕೆ ಕೊನೆಗೆ ಕಟ್ಟಿ ಉಳಿದಿದ್ದ ಪ್ಲಾಸ್ಟಿಕ್ಕನ್ನು ಎರಡು ಪದರ ಮಾಡಿ, ಟ್ಯಾಂಕಿನ ಬಾಯಿಗೆ ಹನಿ ನೀರೂ ಇಳಿಯದಂತೆ ಮುಚ್ಚಿ, ಸೈಕಲ್ ಟ್ಯೂಬಿನ ಪಟ್ಟಿಯಿಂದ ಬಿಗಿದಿದ್ದೆ. ಅದನ್ನು ವಿವರಿಸುವಾಗ ನನ್ನ ದನಿಯಲ್ಲಿ ಸ್ವಲ್ಪ ಹೆಮ್ಮೆಯೂ ಇದ್ದಿರಬೇಕು. ಅವರು ಪಟ್ಟಿ ಬಿಚ್ಚಿ ಮುಚ್ಚಳ ತಿರುಗಿಸಿದರು. ಟ್ಯಾಂಕು ‘ಉಸ್ಸ್’ ಎಂದು ಉದ್ದನೆಯ ಉಸಿರೆಳೆದುಕೊಂಡಿತು. ಮುಚ್ಚಳದಲ್ಲಿ ಸೂಜಿಮೊನೆಯಷ್ಟು ಒಂದು ಕಂಡಿಯಿರುತ್ತದೆ. ಖರ್ಚಾದ ಪೆಟ್ರೋಲಿನ ಜಾಗಕ್ಕೆ ಅದರ ಮೂಲಕ ಗಾಳಿ ಹೋಗಬೇಕು. ಹೋಗದಿದ್ದರೆ ಒಳಗೆ ನಿರ್ವಾತ ಹೆಚ್ಚುತ್ತಾ ಬಂದು, ಪಂಪು ಎಷ್ಟು ಎಳೆದರೂ ಪೆಟ್ರೋಲ್ ಬರುವುದಿಲ್ಲ. ಬಂಕಿನಲ್ಲಿ ಪೆಟ್ರೋಲ್ ಹಾಕಿಸಿದ ಕೂಡಲೇ ಗಾಡಿ ಏಕೆ ಅಷ್ಟು ಉಲ್ಲಾಸದಿಂದ ಓಡುತ್ತಿತ್ತೆಂಬುದು ಆಗ ಹೊಳೆಯಿತು. ಪ್ರತಿ ಸಲವೂ ಜಾಗ್ರತೆಯಿಂದ ಮತ್ತೆ ಕೊಟ್ಟೆ ಕಟ್ಟುತ್ತಿದ್ದವನು ನಾನೇ.

“ಪೆಟ್ರೋಲಿಗೆ ಕೊಳೆರೋಗ ಬರೂದಿಲ್ಲ ಮಾರಾಯ್ರೇ” ಎಂದರು ಮೇಸ್ತ್ರಿ.

ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಎಂಬ, ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣದ ಲೆಕ್ಕ ನನಗೆ ನಿದ್ದೆಯಲ್ಲೂ ತಪ್ಪುವುದಿಲ್ಲ. ಆದರೆ ಒಂದು ಪಾಲು ಪೆಟ್ರೋಲ್ ಸರಿಯಾಗಿ ಉರಿಯಲು ತೂಕದಲ್ಲಿ ಸುಮಾರು 14.7 ಪಾಲು ಗಾಳಿ ಬೇಕು. ಆ ಲೆಕ್ಕವನ್ನು ಪುಸ್ತಕ ನೋಡದೆ ಕಿವಿಯಲ್ಲೇ ಹಿಡಿಯುತ್ತಿದ್ದವರು ಅಪ್ಪಯ್ಯ. ಬೇಸಿಗೆಯಲ್ಲಿ ಪಂಪು ಕಾದು ಗಾಡಿ ನಿಂತರೆ, ಹೆಗಲ ಮೇಲಿನ ಟುವಾಲನ್ನು ನೆನೆಸಿ ಅದರ ಮೇಲೆ ಹಾಕಿ, ಮಗುವಿನ ಜ್ವರ ಇಳಿಯಲು ಕಾಯುವವರಂತೆ ಪಕ್ಕದಲ್ಲಿ ನಿಂತಿರುತ್ತಿದ್ದರು. 2020ರ ಏಪ್ರಿಲ್ ನಂತರ ಹೊಸ ಬೈಕುಗಳಲ್ಲೂ ಹೆಚ್ಚಿನವು ಕಾರ್ಬೊರೇಟರನ್ನು ಬಿಟ್ಟವು. ಮೇಸ್ತ್ರಿಯ ಮಗ ಶೋರೂಮಿನಲ್ಲಿ ಗಾಡಿಗೆ ಲ್ಯಾಪ್‌ಟಾಪ್ ಚುಚ್ಚಿ ರೋಗ ಓದುತ್ತಾನಂತೆ. ಜೆಟ್ಟಿಗೆ ಬಾಯಿಡುವವರಲ್ಲಿ ನಮ್ಮ ಕಡೆ ಉಳಿದಿರುವುದು ಇವರೊಬ್ಬರೇ ಎಂದು ನೆನೆದಾಗ, ಮೂರು ಬಾರಿಯ ಕಚರಾ ದುಡ್ಡನ್ನು ವಾಪಸು ಕೇಳಲು ನಾಲಿಗೆ ಏಳಲಿಲ್ಲ. ಅವರೂ ತಾವಾಗಿ ಕೊಡಲಿಲ್ಲ.

ಅವರನ್ನು ಗ್ಯಾರೇಜಿಗೆ ಬಿಟ್ಟು ಮನೆಯ ಕಡೆ ಹೊರಟೆ. ತಿರುವು ಹತ್ತಿರವಾಗುತ್ತಿದ್ದಂತೆ ಚಹಾದಂಗಡಿಯ ಬೆಂಚಿನ ಮೇಲಿದ್ದ ನಾಲ್ವರು ರೂಢಿಯಂತೆ ಲೋಟ ಕೆಳಗಿಟ್ಟು, ಪಂಚೆ ಎತ್ತಿ ಕಟ್ಟಿ, ಗಾಡಿ ತಳ್ಳಲು ರಸ್ತೆಗೆ ಇಳಿದರು. ಗಾಡಿ ನಿಲ್ಲಲಿಲ್ಲ. ಕನ್ನಡಿಯಲ್ಲಿ ನೋಡಿದೆ: ಮಳೆಯಲ್ಲಿ ನಿಂತಿದ್ದ ಅವರ ಮುಖದ ಮೇಲೆ ಸಂತೋಷವೇನೂ ಕಾಣಲಿಲ್ಲ.