ಕಾಮಾಲೆ ತರುವುದು ಮಿರ್ಚಿಯ ಖಾರವಲ್ಲ: ಒಂದು ಸ್ಪಷ್ಟನೆ

ಒಗ್ಗರಣೆ-ಮಿರ್ಚಿಯ ಖಾರ, ಎಣ್ಣೆ ಲಿವರನ್ನು ಸುಟ್ಟು ಕಾಮಾಲೆ ತರುತ್ತದೆ ಅನ್ನೋ ಮಾತು ರಾಯಚೂರಿನ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಇದು ತಪ್ಪು. ಊಟ, ನೀರಿನಿಂದ ಹರಡುವ ಕಾಮಾಲೆಗೆ ಕಾರಣ ಹೆಪಟೈಟಿಸ್ ಎ ಮತ್ತು ಇ ವೈರಸ್‌ಗಳು.

ಮಿರ್ಚಿ ಕಾದ ಎಣ್ಣೆಯಲ್ಲಿ ಬೆಂದಿರುತ್ತದೆ. ನೋಡಬೇಕಾದ್ದು ಬಂಡಿಯ ಪಕ್ಕದ ಬಕೆಟ್ಟನ್ನು. ಬೆಳಗಿನಿಂದ ಅದೇ ನೀರಲ್ಲಿ ತಟ್ಟೆ ಅದ್ದುತ್ತಾರೆ, ಅದೇ ಒದ್ದೆ ಕೈಯಲ್ಲಿ ಹಸಿ ಈರುಳ್ಳಿ ಉದುರಿಸುತ್ತಾರೆ. ಆ ನೀರಲ್ಲೋ ಕೈಯಲ್ಲೋ ವೈರಸ್ ಇದ್ದರೆ, ಅದು ಹೊಟ್ಟೆ ಸೇರುವುದು ಹೀಗೆ.

ಹೆಪಟೈಟಿಸ್ ಎ ವೈರಸ್ಸು ಹೊಟ್ಟೆಯ ಆ್ಯಸಿಡ್‌ಗೂ ಜಗ್ಗುವುದಿಲ್ಲ. ಕರುಳಿಗಿಳಿದು, ಅದರ ಗೋಡೆ ದಾಟಿ, ರಕ್ತದ ಜೊತೆ ಲಿವರ್ ಸೇರುತ್ತದೆ. ಅಲ್ಲಿ ಬೆಳೆದು, ಪಿತ್ತರಸದಲ್ಲಿ ಮತ್ತೆ ಕರುಳಿಗೆ ಬಂದು ಮಲದಲ್ಲಿ ಹೊರಬೀಳುತ್ತದೆ. ರೋಗ ಕಾಣಿಸಿಕೊಳ್ಳಲು 15ರಿಂದ 50 ದಿನ ಬೇಕು. ನಿನ್ನೆ ತಿಂದ ಮಿರ್ಚಿಯ ಮೇಲೆ ಸುಮ್ನೆ ಗೂಬೆ ಕೂರಿಸುವುದು ಸರಿಯಲ್ಲ, ಅಲ್ವಾ? ಇನ್ನೊಂದು ವಿಷಯ. ಕಣ್ಣು ಹಳದಿಯಾಗುವ ಮೊದಲಿನ ಒಂದೆರಡು ವಾರಗಳಲ್ಲೇ ವೈರಸ್ ಜಾಸ್ತಿ ಹೊರಬರುತ್ತದೆ. ಆದ್ದರಿಂದ ಆರೋಗ್ಯವಾಗಿ ಕಾಣುವವರೂ ಸೋಪು ಹಾಕಿಯೇ ಕೈ ತೊಳೆಯಬೇಕು.

ಗರ್ಭಿಣಿಯರಿಗೆ, ಅದರಲ್ಲೂ ಕೊನೆಯ ಮೂರು ತಿಂಗಳಲ್ಲಿ, ಹೆಪಟೈಟಿಸ್ ಇ ಜೀವಕ್ಕೇ ಅಪಾಯ. ಅವರ ಕಣ್ಣು ಹಳದಿಯಾದರೆ ದಯವಿಟ್ಟು ನಾಟಿ ಔಷಧಿ ಅಂತ ಕಾಯಬೇಡಿ, ಅದೇ ದಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿ.